ನೆಟ್ಟಗೆ ನಿಲ್ಲುವ ವಿದ್ಯೆ



ತರಗತಿಯೊಳಗೆ ಕಾಲಿಟ್ಟ ಅಧ್ಯಾಪಕನ ಬಾಯಿಂದ ದಿನಕ್ಕೆ ಹತ್ತಾರು ಬಾರಿ ಹೊರಡುವ ಮಾತೊಂದುಂಟು: "ನೆಟ್ಟಗೆ ಕುಳಿತುಕೊಳ್ಳಿ!" ಆ ಮಾತು ಕಿವಿಗೆ ಬಿದ್ದೊಡನೆ ನೀವೆಲ್ಲರೂ ಒಮ್ಮೆ ಸೆಟೆದು ಕೂಡುವಿರಿ. ಅಧ್ಯಾಪಕನು ಕಪ್ಪುಹಲಗೆಯ ಕಡೆಗೆ ತಿರುಗಿ ಎರಡು ಸಾಲು ಬರೆದು ಮುಗಿಸುವಷ್ಟರಲ್ಲಿ ಬೆನ್ನುಗಳೆಲ್ಲ ಮತ್ತೆ ಬಾಗಿರುತ್ತವೆ. ಇದು ಮಕ್ಕಳ ಉದಾಸೀನವೆಂದು ತಿಳಿದು ಅವನು ಗದರುತ್ತಾನೆ. ನಾನೂ ಹಲವು ವರ್ಷ ಹೀಗೆಯೇ ತಿಳಿದಿದ್ದೆನು, ಹೀಗೆಯೇ ಗದರುತ್ತಿದ್ದೆನು. ಆ ತಿಳಿವಳಿಕೆ ತಪ್ಪೆಂಬುದು ನನಗೆ ಗೊತ್ತಾದದ್ದು ಒಂದು ಛಾಯಾಚಿತ್ರದ ದೆಸೆಯಿಂದ.

ಅಂದು ಎಂಟನೆಯ ತರಗತಿಯ ಸಮೂಹಚಿತ್ರ ತೆಗೆಯುವ ದಿನ. ಹಿಂದಿನ ಸಾಲಿನಲ್ಲಿ ಬೆಂಚಿನ ಮೇಲೆ ನಿಂತಿದ್ದ ಎತ್ತರದ ಹುಡುಗನೊಬ್ಬನ ಬೆನ್ನಿನ ಮೇಲ್ಭಾಗ ಬಿಲ್ಲಿನಂತೆ ಬಾಗಿತ್ತು. ತಲೆ ಮುಂದಕ್ಕೆ ಚಾಚಿಕೊಂಡಿತ್ತು. ನೆಟ್ಟಗೆ ನಿಲ್ಲುವಂತೆ ಚಿತ್ರ ತೆಗೆಯುವವನು ಎರಡು ಸಲ ಹೇಳಿದನು. ಮೂರನೆಯ ಸಲ ನಾನು ಗಟ್ಟಿಯಾಗಿ ಹೇಳಿದೆನು. ಹುಡುಗನು, "ಸರ್, ನಾನು ನೆಟ್ಟಗೇ ನಿಂತಿದ್ದೇನಲ್ಲ!" ಎಂದನು. ಇಡೀ ತರಗತಿ ನಕ್ಕಿತು. ನಾನು ಅದನ್ನು ಉದ್ಧಟತನವೆಂದು ಬಗೆದು, "ಗೂನುಬೆನ್ನಿನವನೇ, ಸುಳ್ಳು ಬೇರೆ ಹೇಳುತ್ತೀಯಾ?" ಎಂದುಬಿಟ್ಟೆನು. ಅಂದಿನಿಂದ 'ಗೂನ' ಎಂಬುದೇ ಅವನಿಗೆ ಹೆಸರಾಯಿತು. ಆ ಹೆಸರನ್ನು ಇಟ್ಟವನು ನಾನು.

ಹದಿನೈದು ದಿನಗಳ ಮೇಲೆ ಚಿತ್ರ ಅಚ್ಚಾಗಿ ಬಂದಿತು. ನಡುವಿನ ಕುರ್ಚಿಯಲ್ಲಿ ಕುಳಿತ ಅಧ್ಯಾಪಕನನ್ನು ನೋಡಿ ನಾನು ದಿಗ್ಭ್ರಮೆಗೊಂಡೆನು. ಹೆಗಲುಗಳು ಮುಂದಕ್ಕೆ ಮಡಚಿಕೊಂಡಿದ್ದವು, ಎದೆ ಒಳಗಿಳಿದಿತ್ತು, ಗಲ್ಲ ಮುಂದೆ ಬಂದಿತ್ತು. ಆ ಕ್ಷಣದಲ್ಲಿ ನಾನು ಕಂಬದಂತೆ ನೆಟ್ಟಗೆ ಕುಳಿತಿರುವೆನೆಂದೇ ನಂಬಿದ್ದೆನು. ಯಾರಾದರೂ ಕೇಳಿದ್ದರೆ ಆಣೆಯಿಟ್ಟು ಹೇಳುತ್ತಿದ್ದೆನು. ಹಾಗಾದರೆ ಆ ಹುಡುಗನು ಹೇಳಿದ್ದೂ ಸುಳ್ಳಾಗಿರಲಿಲ್ಲ. ತನಗೆ ತೋರಿದ ಸತ್ಯವನ್ನೇ ಅವನು ಹೇಳಿದ್ದನು.

ಬಾಗಿದ ಬೆನ್ನುಳ್ಳವನಿಗೆ ತನ್ನ ಬೆನ್ನು ನೆಟ್ಟಗಿದೆಯೆಂದು ತೋರುವುದೇಕೆ? ಆ ತೋರಿಕೆಯನ್ನು ತಿದ್ದುವುದು ಹೇಗೆ? ಈ ಪಾಠದ ವಿಷಯವಿಷ್ಟೇ.

ಬೆನ್ನುಮೂಳೆಯ ರಚನೆ

ನಮ್ಮ ಬೆನ್ನುಮೂಳೆ ಒಂದೇ ಎಲುಬಲ್ಲ. ಮಣಿಗಳನ್ನು ಪೋಣಿಸಿದಂತಹ ಸರ. ಹುಟ್ಟುವಾಗ ಇದರಲ್ಲಿ 33 ಮಣಿಗಳಿರುತ್ತವೆ. ಬೆಳೆದಂತೆ ಕೆಳಗಿನವು ಒಂದಕ್ಕೊಂದು ಬೆಸೆದುಕೊಂಡು ವಯಸ್ಕರಲ್ಲಿ ಸಾಮಾನ್ಯವಾಗಿ 26 ಎಲುಬುಗಳಾಗುತ್ತವೆ. ಕುತ್ತಿಗೆಯಲ್ಲಿ 7, ಪಕ್ಕೆಲುಬುಗಳು ಕೂಡುವ ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5. ಇವುಗಳ ಕೆಳಗೆ ಬೆಸೆದುಕೊಂಡ ತ್ರಿಕಾಸ್ಥಿ ಮತ್ತು ಬಾಲದೆಲುಬು.

ಬೆನ್ನು ನೆಟ್ಟಗಿರಬೇಕೆಂದರೆ ಬಿದಿರಿನ ಗಳದಂತೆ ಇರಬೇಕೆಂದು ಅರ್ಥವಲ್ಲ. ಪಕ್ಕದಿಂದ ನೋಡಿದರೆ ಕುತ್ತಿಗೆ ಮತ್ತು ಸೊಂಟದಲ್ಲಿ ಮೂಳೆ ಮುಂದಕ್ಕೆ ಬಾಗಿರುವುದು. ಎದೆಯ ಹಿಂಭಾಗದಲ್ಲಿ ಹಿಂದಕ್ಕೆ ಬಾಗಿರುವುದು. ಈ ಬಾಗುಗಳು ನಡೆಯುವಾಗಲೂ ಜಿಗಿಯುವಾಗಲೂ ಆಗುವ ಆಘಾತವನ್ನು ನುಂಗಿಕೊಳ್ಳುತ್ತವೆ. ಎದೆಯ ಹಿಂಭಾಗದ ಬಾಗು ಸುಮಾರು 20ರಿಂದ 40 ಡಿಗ್ರಿಯವರೆಗೆ ಇರುವುದು ಸಹಜ. ಅದಕ್ಕಿಂತ ಹೆಚ್ಚು ಬಾಗಿದಾಗ ಮೇಲ್ಬೆನ್ನು ಗುಂಡಗಾಗಿ, ಹೆಗಲುಗಳು ಮುಂದಕ್ಕೆ ಜಾರಿ, ತಲೆ ಮುಂದೆ ಬರುವುದು.

ತಲೆ ಮುಂದೆ ಬಂದರೆ ಆಗುವ ನಷ್ಟವನ್ನು ಚಾಳಿನಲ್ಲಿ ನೀರು ಹೊತ್ತವರು ಸುಲಭವಾಗಿ ತಿಳಿಯಬಲ್ಲರು. ತುಂಬಿದ ಬಕೆಟನ್ನು ಮೈಗೆ ಒತ್ತಿ ಹಿಡಿದರೆ ಹಗುರ; ಅದೇ ಬಕೆಟನ್ನು ಕೈ ಚಾಚಿ ಹಿಡಿದರೆ ಅರ್ಧ ನಿಮಿಷದಲ್ಲಿ ತೋಳು ನಡುಗುವುದು. ವಯಸ್ಕರ ತಲೆಯ ತೂಕ ಸುಮಾರು ನಾಲ್ಕೂವರೆಯಿಂದ ಐದು ಕಿಲೋ. ಅದು ಬೆನ್ನುಮೂಳೆಯ ನೇರಕ್ಕೆ ಇದ್ದರೆ ಭಾರವನ್ನು ಎಲುಬು ಹೊರುವುದು. ಮುಂದೆ ಚಾಚಿದರೆ ಕುತ್ತಿಗೆ ಮತ್ತು ಬೆನ್ನಿನ ಸ್ನಾಯುಗಳು ದಿನವಿಡೀ ಜಗ್ಗಿ ಹಿಡಿಯಬೇಕಾಗುವುದು. ಸಂಜೆಯ ಹೊತ್ತಿಗೆ ಕತ್ತಿನ ಬುಡ ನೋಯುವುದು ಅನೇಕರಲ್ಲಿ ಈ ಕಾರಣದಿಂದ.

ಎಲ್ಲ ಬಾಗೂ ಒಂದೇ ಅಲ್ಲ

ಇಲ್ಲೊಂದು ಎಚ್ಚರಿಕೆ ಅವಶ್ಯ. ಬಾಗಿದ ಬೆನ್ನುಗಳೆಲ್ಲ ಅಭ್ಯಾಸದೋಷದಿಂದ ಉಂಟಾದವುಗಳಲ್ಲ. ಹದಿಹರೆಯದಲ್ಲಿ ಕೆಲವರ ಮಣಿಗಳು ಮುಂಭಾಗದಲ್ಲಿ ಕಡಿಮೆ ಬೆಳೆದು ಬೆಣೆಯ ಆಕಾರ ತಾಳುತ್ತವೆ. ಡೆನ್ಮಾರ್ಕಿನ ವೈದ್ಯ ಹೋಲ್ಗರ್ ಶಾಯರ್‌ಮನ್ 1920ರಲ್ಲಿ ಇದನ್ನು ವಿವರಿಸಿದ ಕಾರಣ ಇದಕ್ಕೆ ಅವನ ಹೆಸರೇ ನಿಂತಿದೆ. ಇನ್ನೊಂದು, ಬೆನ್ನುಮೂಳೆಯ ಕ್ಷಯ. 1779ರಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಇದನ್ನು ವರ್ಣಿಸಿದನು. ಕ್ಷಯರೋಗವು ಇಂದಿಗೂ ತೊಲಗದ ನಮ್ಮ ನಗರದಲ್ಲಿ ಇದನ್ನು ಮರೆಯಲಾಗದು.

ಗುರುತಿಸಲು ಒಂದು ಸುಲಭವಾದ ಪರೀಕ್ಷೆಯುಂಟು. ನೆಲದ ಮೇಲೆ ಬೋರಲಾಗಿ ಮಲಗಿ ಎದೆಯನ್ನು ಸ್ವಲ್ಪ ಮೇಲೆತ್ತಿದಾಗ ಬಾಗು ಅಳಿಸಿಹೋದರೆ ಅದು ಬಹುಮಟ್ಟಿಗೆ ಅಭ್ಯಾಸದ ಬಾಗು. ಆಗಲೂ ಗಡುಸಾಗಿ ಉಳಿದರೆ, ಒಂದೇ ಕಡೆ ಮೊನೆಯಾಗಿ ಉಬ್ಬಿದ್ದರೆ, ರಾತ್ರಿ ನೋವು, ಜ್ವರ, ತೂಕ ಇಳಿಯುವುದು, ಕಾಲುಗಳಲ್ಲಿ ಬಲಹೀನತೆ ಇವುಗಳಲ್ಲಿ ಯಾವುದೊಂದಿದ್ದರೂ ವ್ಯಾಯಾಮಕ್ಕೆ ಕೈಹಾಕದೆ ಮೊದಲು ವೈದ್ಯರನ್ನು ಕಾಣತಕ್ಕದ್ದು. ಈ ಪಾಠದ ಮುಂದಿನ ಮಾತೆಲ್ಲವೂ ಅಭ್ಯಾಸದ ಬಾಗನ್ನು ಕುರಿತದ್ದು.

ನಗರವಾಸಿಗಳ ಬೆನ್ನು

ನಾನು ಕರಾವಳಿಯ ಹಳ್ಳಿಯೊಂದರಿಂದ, ಕನ್ನಡ ಶಾಲೆಯಲ್ಲಿಯೇ ಓದಿ ಬಂದವನು. ಮಳೆಗಾಲದಲ್ಲಿ ನಮ್ಮ ಶಾಲೆಯ ದಾರಿಯಲ್ಲಿ ಎರಡು ಕಾಲುಸಂಕಗಳನ್ನು ದಾಟಬೇಕಾಗಿತ್ತು. ಕಾಲುಸಂಕವೆಂದರೆ ತೋಡಿಗೆ ಅಡ್ಡಲಾಗಿ ಹಾಕಿದ ಅಡಕೆಮರದ ದಿಮ್ಮಿ. ಅದರ ಮೇಲೆ ನಡೆಯುವಾಗ ಕತ್ತು ಬಗ್ಗಿಸಿ ಕಾಲನ್ನೇ ನೋಡಿದರೆ ಜೋಲಿ ತಪ್ಪುವುದು. ಆಚೆಯ ದಡವನ್ನು ನೋಡುತ್ತ ಮೈಯನ್ನು ನೆಟ್ಟಗಿರಿಸಿ ನಡೆಯಬೇಕು. ಸಂಕ ದಾಟಿದ ಮೇಲೆ ಗದ್ದೆಯ ಅಂಚು. ಅಲ್ಲಿಯೂ ಹಾಗೆಯೇ. ತೋಡಿಗೆ ಬಿದ್ದು ಪ್ರಾಣಾಪಾಯವಾಗುವ ಸಂಭವವೂ ಇದ್ದುದರಿಂದ ಆ ಕಷ್ಟವನ್ನು ನಾನು ಹೊಗಳುತ್ತಿಲ್ಲ. ಆದರೆ ಯಾರೂ ಹೇಳಿಕೊಡದೆ ನಮಗೆ ಸಮತೋಲನದ ಪಾಠ ನಿತ್ಯವೂ ಆಗುತ್ತಿದ್ದುದು ನಿಜ. ಈ ನಗರಕ್ಕೆ ಬಂದು ಹತ್ತು ವರ್ಷ ಕುರ್ಚಿಯಲ್ಲಿ ಕುಳಿತು ಉತ್ತರಪತ್ರಿಕೆ ತಿದ್ದಿದುದರಿಂದ ನಾನು ಆ ಪಾಠವನ್ನು ಕಳೆದುಕೊಂಡೆನು.

ನಿಮಗಾದರೋ ಆ ಪಾಠ ದೊರೆತೇ ಇಲ್ಲ. ಒಂದೇ ಕೋಣೆಯ ಮನೆಯಲ್ಲಿ ಮೇಜಿಗೆ ಸ್ಥಳವೆಲ್ಲಿ? ನೆಲದ ಮೇಲೆ ಕುಳಿತು, ಚೀಲವನ್ನೇ ಮೇಜು ಮಾಡಿಕೊಂಡು, ಬಾಗಿ ಬರೆಯುವಿರಿ. ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಚೀಲವನ್ನು ಎದೆಗವಚಿಕೊಂಡು ಮುದುಡಿ ನಿಲ್ಲುವಿರಿ. ಉಳಿದ ಹೊತ್ತು ಅಂಗೈಯೊಳಗಿನ ಮೊಬೈಲಿಗೆ ತಲೆಬಾಗುವಿರಿ. ಥಟ್ಟನೆ ಎತ್ತರವಾಗಿ ಬೆಳೆದ ಹುಡುಗನು ಗೆಳೆಯರ ಸಮಕ್ಕೆ ಇಳಿಯಲೆಂದು ಕುಗ್ಗುತ್ತಾನೆ; ಮೈಬೆಳೆಯುವ ಕಾಲದಲ್ಲಿ ಹುಡುಗಿಯರು ನಾಚಿಕೆಯಿಂದ ಹೆಗಲು ಮಡಚುತ್ತಾರೆ. ಹಿಂದೆ ಈ ನಗರದ ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತ ಹೊಟೇಲು ಹುಡುಗರು ಹಗಲೆಲ್ಲ ಬಾಗಿ ತಟ್ಟೆ ತೊಳೆದು, ರಾತ್ರಿ ಬಾಗಿ ಅಕ್ಷರ ತಿದ್ದಿದರು. ಬಾಗು ನಮಗೆ ಹೊಸದಲ್ಲ. ಅದರ ಕಾರಣಗಳು ಮಾತ್ರ ಹೊಸವು.

ಚೀಲದ ಮಾತನ್ನೂ ಹೇಳಬೇಕು. 2020ರ ರಾಷ್ಟ್ರೀಯ ಶಾಲಾಚೀಲ ನೀತಿಯ ಪ್ರಕಾರ ಚೀಲದ ತೂಕ ಮಗುವಿನ ತೂಕದ ನೂರಕ್ಕೆ ಹತ್ತನ್ನು ಮೀರಬಾರದು. ನೀವು 35 ಕಿಲೋ ತೂಗುವಿರಾದರೆ ಚೀಲ ಮೂರೂವರೆ ಕಿಲೋ ಮಾತ್ರ. ಇಂದೇ ತೂಗಿ ನೋಡಿರಿ. ಎರಡು ಪಟ್ಟಿಗಳನ್ನೂ ಹೆಗಲಿಗೆ ಹಾಕಿ, ಚೀಲವನ್ನು ಬೆನ್ನಿಗೆ ಅಂಟಿಸಿ ಹೊರುವುದು ಲೇಸು.

ಆರನೆಯ ಅರಿವು

ಈಗ ಮುಖ್ಯ ವಿಷಯಕ್ಕೆ ಬರೋಣ. ಕಣ್ಣು ಮುಚ್ಚಿರಿ. ಬಲಗೈಯನ್ನು ಮೇಲೆತ್ತಿ ತೋರುಬೆರಳಿನಿಂದ ಮೂಗಿನ ತುದಿಯನ್ನು ಮುಟ್ಟಿರಿ. ಮುಟ್ಟಿದಿರಲ್ಲವೇ? ಕಣ್ಣು ಮುಚ್ಚಿದ್ದಾಗ ಬೆರಳು ಎಲ್ಲಿದೆ, ಮೂಗು ಎಲ್ಲಿದೆ ಎಂಬುದನ್ನು ನಿಮಗೆ ತಿಳಿಸಿದವರು ಯಾರು? ಕಣ್ಣು, ಕಿವಿ, ಮೂಗು, ನಾಲಗೆ, ಚರ್ಮ ಎಂಬ ಐದು ಇಂದ್ರಿಯಗಳಲ್ಲದೆ ಮೈಯೊಳಗೇ ಇನ್ನೊಂದು ಅರಿವು ಉಂಟೆಂದಾಯಿತು. ತನ್ನ ಅಂಗಗಳು ಎಲ್ಲಿವೆ, ಹೇಗೆ ಬಾಗಿವೆ ಎಂದು ದೇಹಕ್ಕೆ ತಿಳಿಸುವ ಈ ಶಕ್ತಿಗೆ 1906ರಲ್ಲಿ ಇಂಗ್ಲೆಂಡಿನ ಶರೀರವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್ ಪ್ರೊಪ್ರಿಯೊಸೆಪ್ಷನ್ ಎಂದು ಹೆಸರಿಟ್ಟನು. 1932ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ನಾವು ಇದನ್ನು ಅಂಗಸ್ಥಿತಿಯ ಅರಿವು ಎನ್ನೋಣ.

ಸ್ನಾಯುಗಳೊಳಗೆ ನೂಲುವ ಕದಿರಿನಾಕಾರದ ಅತಿ ಸೂಕ್ಷ್ಮವಾದ ಅಂಗಗಳಿವೆ. ಸ್ನಾಯು ಎಷ್ಟು ಜಗ್ಗಿದೆ, ಎಷ್ಟು ವೇಗವಾಗಿ ಜಗ್ಗುತ್ತಿದೆ ಎಂಬ ವರದಿಯನ್ನು ಅವು ನರಗಳ ಮೂಲಕ ಮೆದುಳಿಗೆ ಕಳುಹಿಸುತ್ತವೆ. ಸ್ನಾಯುವನ್ನು ಎಲುಬಿಗೆ ಕಟ್ಟುವ ರಜ್ಜುಗಳಲ್ಲಿ ಎಳೆತದ ಬಲವನ್ನು ತಿಳಿಸುವ ಅಂಗಗಳಿವೆ. ತಲೆಬುರುಡೆಯ ಬುಡದಲ್ಲಿರುವ ಕುತ್ತಿಗೆಯ ಸಣ್ಣ ಸ್ನಾಯುಗಳಲ್ಲಿ ಈ ಕದಿರುಗಳು ಬಹು ದಟ್ಟವಾಗಿವೆ. ಆದುದರಿಂದ ತಲೆಯ ಸ್ಥಾನ ಕೆಟ್ಟರೆ ಮೈಯ ವರದಿಯೂ ಕೆಡುವುದು.

ನಿಂತಿರುವಾಗ ಮೆದುಳು ಮೂವರು ಸಾಕ್ಷಿಗಳ ಮಾತನ್ನು ಕೇಳುತ್ತದೆ. ಮೊದಲನೆಯ ಸಾಕ್ಷಿ ಕಣ್ಣು. ಎರಡನೆಯದು ಒಳಗಿವಿ, ಅಲ್ಲಿನ ಮೂರು ಅರ್ಧವೃತ್ತಾಕಾರದ ನಾಳಗಳು ತಲೆಯ ತಿರುಗುವಿಕೆಯನ್ನೂ, ಅವುಗಳ ಬಳಿಯ ಎರಡು ಚಿಕ್ಕ ಚೀಲಗಳು ತಲೆಯ ಓರೆಯನ್ನೂ ತಿಳಿಸುತ್ತವೆ. ಮೂರನೆಯದು ಅಂಗಸ್ಥಿತಿಯ ಅರಿವು. ಅಂಗಾಲಿನ ಸ್ಪರ್ಶವೂ ಅದಕ್ಕೆ ಜೊತೆ. ಪಾದಗಳನ್ನು ಕೂಡಿಸಿ ನಿಂತು ಕಣ್ಣು ಮುಚ್ಚಿದರೆ ಮೈ ಓಲಾಡುವುದನ್ನು ನೀವು ಕಾಣಬಹುದು. ಒಬ್ಬ ಸಾಕ್ಷಿ ಎದ್ದುಹೋದಾಗ ಉಳಿದ ಇಬ್ಬರ ಮೇಲೆ ಹೊಣೆ ಬೀಳುವುದು. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ವೈದ್ಯ ರಾಂಬರ್ಗ್ ಇದನ್ನೇ ರೋಗಪರೀಕ್ಷೆಯಾಗಿ ಬಳಸಿದನು. ಇಂದಿಗೂ ವೈದ್ಯರು ಅದನ್ನು ಬಳಸುತ್ತಾರೆ.

ಈ ಅರಿವಿನ ಬೆಲೆ ಎಷ್ಟೆಂಬುದಕ್ಕೆ ಒಂದು ನಿದರ್ಶನ. 1971ರಲ್ಲಿ ಇಂಗ್ಲೆಂಡಿನ ಹತ್ತೊಂಬತ್ತರ ಯುವಕನೊಬ್ಬನು ಜ್ವರವೊಂದರ ತರುವಾಯ ಕುತ್ತಿಗೆಯಿಂದ ಕೆಳಗೆ ಅಂಗಸ್ಥಿತಿಯ ಅರಿವನ್ನು ಪೂರ್ತಿ ಕಳೆದುಕೊಂಡನು. ಸ್ನಾಯುಗಳ ಶಕ್ತಿ ಹೋಗಿರಲಿಲ್ಲ. ಆದರೂ ಅವನು ನಿಲ್ಲಲಾರದವನಾದನು. ಕಣ್ಣಿನಿಂದ ತನ್ನ ಕೈಕಾಲುಗಳನ್ನು ನೋಡುತ್ತ, ಪ್ರತಿಯೊಂದು ಚಲನೆಯನ್ನೂ ಮನಸ್ಸಿನಿಂದ ಯೋಚಿಸುತ್ತ, ತಿಂಗಳುಗಟ್ಟಲೆ ಶ್ರಮಿಸಿ ನಡೆಯಲು ಕಲಿತನು. ದೀಪ ಆರಿತೆಂದರೆ ಕುಸಿದು ಬೀಳುತ್ತಿದ್ದನು. ನಿಲ್ಲಲು ಬಲ ಸಾಲದು, ಅರಿವೂ ಬೇಕೆಂಬುದು ಇದರಿಂದ ಸ್ಪಷ್ಟ.

ತಪ್ಪು ತಕ್ಕಡಿ

ಅಂಗಡಿಯವನ ತಕ್ಕಡಿಯ ಮುಳ್ಳು ಮೊದಲೇ ಒಂದು ಕಡೆಗೆ ವಾಲಿದ್ದರೆ ಅವನು ಎಷ್ಟು ಪ್ರಾಮಾಣಿಕನಾದರೂ ತೂಕ ತಪ್ಪುವುದು. ಬಾಗಿದ ಬೆನ್ನಿನ ಸ್ಥಿತಿಯೂ ಇದೇ. ವರ್ಷಗಟ್ಟಲೆ ಒಂದೇ ಭಂಗಿಯಲ್ಲಿ ಇದ್ದ ದೇಹವು ಆ ಭಂಗಿಯನ್ನೇ 'ನೆಟ್ಟಗೆ' ಎಂದು ಲೆಕ್ಕವಿಟ್ಟುಕೊಳ್ಳುತ್ತದೆ. ನಿಜವಾಗಿ ನೆಟ್ಟಗೆ ನಿಲ್ಲಿಸಿದರೆ ಹಿಂದಕ್ಕೆ ಬೀಳುವಂತೆ ಅದಕ್ಕೆ ಅನಿಸುವುದು! "ನೆಟ್ಟಗೆ ಕುಳಿತುಕೋ" ಎಂಬ ಆಜ್ಞೆ ಇದರಿಂದಲೇ ನಿಲ್ಲುವುದಿಲ್ಲ. ಆಜ್ಞೆಯು ಮನಸ್ಸಿಗೆ ತಲಪುವುದು. ಎರಡು ನಿಮಿಷದಲ್ಲಿ ಮನಸ್ಸು ಪಾಠದ ಕಡೆಗೆ ಹೊರಳುವುದು. ಮೈಯ ತಪ್ಪು ತಕ್ಕಡಿ ಮತ್ತೆ ತನ್ನ ಅಳತೆಗೇ ಮರಳುವುದು. ಗದರುವುದರಿಂದ ತಕ್ಕಡಿ ಸರಿಯಾಗದು. ಸರಿಯಾದ ಬೊಟ್ಟು ಇಟ್ಟು ಅದನ್ನು ತಿದ್ದಬೇಕು.

ಆ ಬೊಟ್ಟು ಯಾವುದು? ತಪ್ಪಿದೊಡನೆ ತಪ್ಪನ್ನು ತಾನೇ ಹೇಳುವಂತಹ ಕೆಲಸ. ಕುರ್ಚಿಯಲ್ಲಿ ಬಾಗಿ ಕುಳಿತರೆ ಕುರ್ಚಿ ಏನನ್ನೂ ಹೇಳುವುದಿಲ್ಲ. ಆದರೆ ಚರ್ಚ್‌ಗೇಟ್ ನಿಲ್ದಾಣದಲ್ಲಿ ಉದ್ದನೆಯ ಮರದ ತಟ್ಟೆಯಲ್ಲಿ ಡಬ್ಬಿಗಳನ್ನು ತುಂಬಿ ತಲೆಯ ಮೇಲೆ ಹೊತ್ತು ನಡೆಯುವ ಡಬ್ಬಾವಾಲಾನನ್ನು ನೋಡಿರಿ. ಸಸೂನ್ ಡಾಕಿನಲ್ಲಿ ಮೀನಿನ ಬುಟ್ಟಿ ಹೊತ್ತ ಕೋಳಿ ಹೆಂಗಸನ್ನು ನೋಡಿರಿ. ತಲೆ ಮುಂದೆ ಚಾಚಿದರೆ ಹೊರೆ ಜಾರುವುದು. ಆ ಕ್ಷಣವೇ ಮೈ ತಿದ್ದಿಕೊಳ್ಳುವುದು. ಮಕ್ಕಳು ಅಂತಹ ಭಾರ ಹೊರತಕ್ಕದ್ದಲ್ಲ; ಆದರೆ ತಲೆಯ ಮೇಲೆ ಒಂದು ಪಠ್ಯಪುಸ್ತಕ ಇಟ್ಟರೂ ಅದು ಇದೇ ಪಾಠವನ್ನು ಹೇಳಬಲ್ಲುದು.

ಬೆಳ್ಳೂರಿನ ಬಾಲಕ

ಹೀಗೆ ಮೈಯನ್ನು ತಿದ್ದಿಕೊಂಡ ಒಬ್ಬ ಕನ್ನಡಿಗನ ಕಥೆ ಕೇಳಿರಿ. 1918ರ ಡಿಸೆಂಬರ್ 14ರಂದು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ, ಇನ್‌ಫ್ಲುಯೆಂಜಾ ಹಬ್ಬಿದ್ದ ಕಾಲದಲ್ಲಿ ಒಂದು ಮಗು ಹುಟ್ಟಿತು. ತಂದೆ ಉಪಾಧ್ಯಾಯರು; ಮಗುವಿಗೆ ಒಂಬತ್ತು ವರ್ಷವಾಗಿದ್ದಾಗ ತೀರಿಕೊಂಡರು. ಮಲೇರಿಯಾ, ವಿಷಮಶೀತಜ್ವರ, ಕ್ಷಯ ಒಂದರ ಹಿಂದೊಂದು ಬಾಲಕನನ್ನು ಕಾಡಿದವು. ಕೈಕಾಲು ಕಡ್ಡಿಯಂತಿದ್ದವು, ತಲೆ ಜೋತುಬೀಳುತ್ತಿದ್ದು, ಅದನ್ನು ಎತ್ತುವುದೇ ಕಷ್ಟವಾಗಿತ್ತೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. 1934ರಲ್ಲಿ ಮೈಸೂರಿಗೆ, ಅಕ್ಕನ ಗಂಡ ತಿರುಮಲೈ ಕೃಷ್ಣಮಾಚಾರ್ಯರ ಬಳಿಗೆ ಹೋದರು. ಜಗನ್ಮೋಹನ ಅರಮನೆಯಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸುತ್ತಿದ್ದರು. ಅಲ್ಲಿ ಕಲಿತ ಆ ಬಾಲಕನೇ 1937ರಲ್ಲಿ ಪುಣೆಗೆ ಬಂದು ನೆಲೆಸಿ, ಲೋಕಪ್ರಸಿದ್ಧರಾದ ಬಿ.ಕೆ.ಎಸ್. ಅಯ್ಯಂಗಾರ್ ಅವರು. ಅವರು ಮುಂಬಯಿಯಲ್ಲಿಯೂ ಬಹುಕಾಲ ಪಾಠ ಹೇಳಿದರು. 1952ರಲ್ಲಿ ಪ್ರಸಿದ್ಧ ಪಿಟೀಲುವಾದಕ ಯೆಹೂದಿ ಮೆನುಹಿನ್ ಅವರನ್ನು ಭೇಟಿಯಾದದ್ದು ಈ ನಗರದಲ್ಲಿಯೇ.

1966ರಲ್ಲಿ ಪ್ರಕಟವಾದ 'ಲೈಟ್ ಆನ್ ಯೋಗ' ಎಂಬ ಅವರ ಗ್ರಂಥದಲ್ಲಿ ಆಸನಗಳ ವಿವರಣೆ ಆರಂಭವಾಗುವುದು ತಾಡಾಸನದಿಂದ, ಎಂದರೆ ಸುಮ್ಮನೆ ನಿಲ್ಲುವುದರಿಂದ. ಜನರು ನಿಲ್ಲುವ ಕ್ರಮಕ್ಕೆ ಗಮನ ಕೊಡುವುದಿಲ್ಲವೆಂದೂ, ಭಾರವನ್ನು ಒಂದೇ ಕಾಲಿನ ಮೇಲೋ ಹಿಮ್ಮಡಿಯ ಮೇಲೋ ಹಾಕುವರೆಂದೂ, ಪಾದರಕ್ಷೆಯ ಅಟ್ಟೆ ಸವೆದ ರೀತಿಯಿಂದಲೇ ಇದನ್ನು ಕಾಣಬಹುದೆಂದೂ ಅವರು ತೋರಿಸಿದರು. ನಿಮ್ಮ ಚಪ್ಪಲಿಯನ್ನು ಮಗುಚಿ ನೋಡಿರಿ. ನಿಮ್ಮ ನಿಲುವಿನ ಚರಿತ್ರೆ ಅಲ್ಲಿ ಬರೆದಿರುತ್ತದೆ. ಹಗ್ಗ, ಇಟ್ಟಿಗೆ, ಕುರ್ಚಿ, ಗೋಡೆ ಮುಂತಾದವುಗಳನ್ನು ಅವರು ಶಿಷ್ಯರ ನೆರವಿಗೆ ತಂದರು. 1979ರಲ್ಲಿ ಸ್ಕೂಟರ್ ಅಪಘಾತಗಳಿಂದ ಅವರ ಬೆನ್ನಿಗೂ ಹೆಗಲಿಗೂ ಪೆಟ್ಟಾಯಿತು. ಅರುವತ್ತು ದಾಟಿದ ಆ ವಯಸ್ಸಿನಲ್ಲಿ ಮತ್ತೆ ಮೊದಲಿನಿಂದ ಆರಂಭಿಸಿ ಸಾಧಿಸಿದರು. 2014ರಲ್ಲಿ, 95ನೆಯ ವಯಸ್ಸಿನಲ್ಲಿ ತೀರಿಕೊಂಡರು. ನಮ್ಮ ಬೆನ್ನು ಅವರ ಬೆನ್ನಿನಂತಾಗಬೇಕೆಂದು ನಾನು ಹೇಳುತ್ತಿಲ್ಲ. ತಲೆ ಎತ್ತಲಾರದ ಬಾಲಕನೂ ನಿಲ್ಲುವ ವಿದ್ಯೆಯನ್ನು ಕಲಿಯಬಲ್ಲನೆಂಬುದಷ್ಟೇ ಇಲ್ಲಿನ ಪಾಠ.

ದಿನಕ್ಕೆ ಹತ್ತು ನಿಮಿಷ

ಈ ಅಭ್ಯಾಸಗಳಿಗೆ ಬೇಕಾದವು ಒಂದು ಗೋಡೆ, ಒಂದು ಚಾದರ, ಒಂದು ಪುಸ್ತಕ. ಬರಿಗಾಲಿನಲ್ಲಿ ಮಾಡತಕ್ಕದ್ದು.

1. ಗೋಡೆಯ ಅಳತೆ: ಗೋಡೆಯಿಂದ ನಾಲ್ಕು ಬೆರಳು ಮುಂದೆ ಹಿಮ್ಮಡಿಗಳನ್ನಿಟ್ಟು, ಪೃಷ್ಠವನ್ನೂ ಮೇಲ್ಬೆನ್ನನ್ನೂ ಗೋಡೆಗೆ ತಾಗಿಸಿ ನಿಲ್ಲಿರಿ. ನೋಟ ನೇರವಾಗಿರಲಿ. ತಲೆಯ ಹಿಂಭಾಗ ಗೋಡೆಗೆ ತಾಗದಿದ್ದರೆ ನಡುವಿನ ತೆರವು ಎಷ್ಟು ಬೆರಳೆಂದು ಗೆಳೆಯನು ಅಳೆಯಲಿ. ಬಳಿಕ ಗಲ್ಲವನ್ನು ಮೇಲೆತ್ತದೆ ಮೆಲ್ಲಗೆ ಹಿಂದಕ್ಕೆ ಸರಿಸಿ, ನೆತ್ತಿಯನ್ನು ಯಾರೋ ಮೇಲಕ್ಕೆ ಎಳೆದಂತೆ ಬೆಳೆಯಿರಿ. ಐದು ಉಸಿರಿನವರೆಗೆ ನಿಂತು, ಒಂದು ಹೆಜ್ಜೆ ಮುಂದೆ ಬಂದು, ಕಣ್ಣು ಮುಚ್ಚಿ ಅದೇ ನಿಲುವನ್ನು ಉಳಿಸಿಕೊಳ್ಳಿರಿ. ಕಣ್ಣು ತೆರೆದು ಮತ್ತೆ ಗೋಡೆಗೆ ಒರಗಿ ಎಷ್ಟು ತಪ್ಪಿತೆಂದು ನೋಡಿರಿ. ತಕ್ಕಡಿ ತಿದ್ದುವ ಮೊದಲ ಕೆಲಸ ಇದು.

2. ಸುರುಳಿ: ಚಾದರವನ್ನು ಮಣಿಕಟ್ಟಿನ ದಪ್ಪಕ್ಕೆ ಸುರುಳಿ ಸುತ್ತಿ, ಹೆಗಲೆಲುಬುಗಳ ಕೆಳತುದಿಗೆ ಅಡ್ಡಲಾಗಿ ಬರುವಂತೆ ಅದರ ಮೇಲೆ ಅಂಗಾತ ಮಲಗಿರಿ. ಮೊಣಕಾಲು ಮಡಚಿರಲಿ. ಎರಡು ನಿಮಿಷ ಸಾವಕಾಶವಾಗಿ ಉಸಿರಾಡಿರಿ. ಗಡುಸಾದ ಎದೆ ಸಡಿಲಾಗುವುದು.

3. ತಾಡಾಸನ: ಪಾದಗಳನ್ನು ಕೂಡಿಸಿ ನಿಂತು ಭಾರವು ಎಲ್ಲಿದೆಯೆಂದು ಕೇಳಿಕೊಳ್ಳಿರಿ. ಹಿಮ್ಮಡಿಯಲ್ಲೋ, ಬೆರಳಿನಲ್ಲೋ, ಎಡಗಾಲಿನಲ್ಲೋ? ಸ್ವಲ್ಪ ಮುಂದಕ್ಕೆ, ಸ್ವಲ್ಪ ಹಿಂದಕ್ಕೆ ಓಲಿ ನಡುವಣ ಸ್ಥಾನವನ್ನು ಕಂಡುಕೊಳ್ಳಿರಿ.

4. ಒಂಟಿಕಾಲು: ಗೋಡೆಯ ಪಕ್ಕದಲ್ಲಿ ಒಂದೊಂದು ಕಾಲಿನ ಮೇಲೆ ಮೂವತ್ತು ಸೆಕೆಂಡು ನಿಲ್ಲಿರಿ. ಇದು ಸುಲಭವಾದ ಮೇಲೆ, ಗೆಳೆಯನು ಬಳಿಯಲ್ಲಿರುವಾಗ ಮಾತ್ರ, ಕಣ್ಣು ಮುಚ್ಚಿ ಹತ್ತು ಸೆಕೆಂಡು ಪ್ರಯತ್ನಿಸಿರಿ.

5. ವರಾಂಡದ ಕಾಲುಸಂಕ: ನೆಲದ ಹಾಸುಕಲ್ಲುಗಳ ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸುತ್ತ ಹತ್ತು ಹೆಜ್ಜೆ ನಡೆಯಿರಿ. ಕಾಲನ್ನು ನೋಡದೆ ಎದುರಿನ ಗೋಡೆಯನ್ನು ನೋಡಿರಿ. ಎರಡನೆಯ ವಾರದಿಂದ ತಲೆಯ ಮೇಲೆ ಪುಸ್ತಕವಿರಲಿ.

6. ನಾಲ್ಕು ಕಾಲಿನ ನಿಲುವು: ಅಂಗೈ ಮತ್ತು ಮೊಣಕಾಲುಗಳ ಮೇಲೆ ನಿಂತು, ಬೆನ್ನ ಮೇಲೆ ಪುಸ್ತಕವನ್ನಿಟ್ಟು, ಬಲಗೈಯನ್ನೂ ಎಡಗಾಲನ್ನೂ ಒಟ್ಟಿಗೆ ಚಾಚಿರಿ. ಪುಸ್ತಕ ಬೀಳಬಾರದು. ಬಳಿಕ ಇನ್ನೊಂದು ಜೊತೆ. ಐದೈದು ಬಾರಿ.

7. ಬೋರಲು ಮಲಗಿ ಎದೆ ಎತ್ತುವುದು: ಕೈಗಳನ್ನು ಪಕ್ಕಕ್ಕೆ ಚಾಚಿ, ಹೆಬ್ಬೆರಳು ಮೇಲ್ಮುಖವಾಗಿ, ಹೆಗಲೆಲುಬುಗಳನ್ನು ಹತ್ತಿರ ತಂದು ಎದೆಯನ್ನು ನಾಲ್ಕು ಬೆರಳು ಎತ್ತಿರಿ. ಎಂಟು ಬಾರಿ. ಅರಿವಿಗೆ ಬಲದ ಆಸರೆ ಬೇಕಾದುದರಿಂದ ಇದನ್ನು ಬಿಡತಕ್ಕದ್ದಲ್ಲ.

ತಲೆಸುತ್ತು, ಕಿವಿಯ ರೋಗ, ಮೂರ್ಛೆರೋಗ ಉಳ್ಳವರು ವೈದ್ಯರನ್ನು ಕೇಳದೆ ಕಣ್ಣು ಮುಚ್ಚುವ ಅಭ್ಯಾಸ ಮಾಡಬಾರದು. ಮಾಳಿಗೆಯ ಕಟ್ಟೆಯ ಮೇಲೆ, ಪ್ಲಾಟ್‌ಫಾರ್ಮಿನ ಅಂಚಿನಲ್ಲಿ, ಲೋಕಲ್ ಗಾಡಿಯ ಬಾಗಿಲಲ್ಲಿ ಸಮತೋಲನದ ಆಟ ಸರ್ವಥಾ ಸಲ್ಲದು. ಗಾಡಿಯೊಳಗೆ ಹಿಡಿಯನ್ನು ಹಿಡಿದೇ ನಿಲ್ಲಿರಿ. ಆದರೆ ಅದಕ್ಕೆ ಜೋತುಬೀಳಬೇಡಿ. ಪಾದಗಳನ್ನು ಅಗಲಿಸಿ ನಿಂತು ಭಾರವನ್ನು ಕಾಲುಗಳೇ ಹೊರಲಿ.

ಫಲವು ವಾರದಲ್ಲಿ ಕಾಣದು. ತಿಂಗಳುಗಳ ಅಭ್ಯಾಸ ಬೇಕು. ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲುವುದು, ಪುಸ್ತಕವನ್ನು ಕಣ್ಣಿನ ಮಟ್ಟಕ್ಕೆ ಎತ್ತರಿಸುವುದು ಇವೂ ಜೊತೆಗಿರಬೇಕು. ಹತ್ತು ನಿಮಿಷ ತಿದ್ದಿದ್ದನ್ನು ಹತ್ತು ಗಂಟೆ ಕೆಡಿಸಿದರೆ ಯಾವ ವಿದ್ಯೆ ತಾನೇ ನಿಂತೀತು?

ಕೊನೆಯ ಮಾತು

ಚಿತ್ರ ಬಂದ ಮರುದಿನ ಶಾಲೆ ಬಿಟ್ಟ ಮೇಲೆ ಆ ಹುಡುಗನನ್ನು ಕರೆದು, ಇಬ್ಬರೂ ವರಾಂಡದ ಗೋಡೆಗೆ ಬೆನ್ನು ಕೊಟ್ಟು ನಿಂತೆವು. ಅವನ ತಲೆಯ ಹಿಂದೆ ನಾಲ್ಕು ಬೆರಳಿನ ತೆರವು. ನನ್ನ ತಲೆಯ ಹಿಂದೆ ಮೂರು. ಅಳೆದವನು ಅವನೇ. "ಸರ್, ನೀವೂ?" ಎಂದು ಕೇಳಿದನು. "ಹೌದಪ್ಪ, ನಾನೂ," ಎಂದೆನು. ಮಾರನೆಯ ದಿನ ತರಗತಿಯೆಲ್ಲದರ ಎದುರಿಗೆ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡು ಅವನ ಕ್ಷಮೆ ಕೇಳಿದೆನು. ಮಕ್ಕಳ ಮುಂದೆ ಕ್ಷಮೆ ಕೇಳುವುದು ಕಷ್ಟವೆಂದು ತಿಳಿದಿದ್ದೆನು, ಅಷ್ಟೇನೂ ಕಷ್ಟವಾಗಲಿಲ್ಲ.

ಎಂಟು ತಿಂಗಳಿನಿಂದ ನಾವಿಬ್ಬರೂ, ಈಗ ಇನ್ನೂ ಹತ್ತು ಹನ್ನೆರಡು ಮಂದಿ ಸೇರಿ, ಪ್ರಾರ್ಥನೆಗೆ ಮುಂಚೆ ಹತ್ತು ನಿಮಿಷ ಅಭ್ಯಾಸ ಮಾಡುತ್ತಿದ್ದೇವೆ. ಅವನ ತೆರವು ಒಂದೂವರೆ ಬೆರಳಿಗೆ ಇಳಿದಿದೆ. ನನ್ನದು ಎರಡರಲ್ಲಿಯೇ ನಿಂತಿದೆ. ಎಳೆಯ ಬೆನ್ನು ಬೇಗ ಕಲಿಯುತ್ತದೆ. 'ಗೂನ' ಎಂಬ ಹೆಸರು ಮಾತ್ರ ಪೂರ್ತಿ ಅಳಿಯಲು ಬೆನ್ನಿಗಿಂತ ಹೆಚ್ಚು ಕಾಲ ಹಿಡಿಯಿತು. ಆದುದರಿಂದ ನಿಮ್ಮಲ್ಲಿಯೂ, ನಿಮ್ಮ ತಂದೆತಾಯಿಗಳಲ್ಲಿಯೂ, ನನ್ನ ಸಹೋದ್ಯೋಗಿಗಳಲ್ಲಿಯೂ ನನ್ನದೊಂದು ಬಿನ್ನಹ: ಬಾಗಿದ ಬೆನ್ನನ್ನು ಕಂಡಾಗ ಗದರಬೇಡಿ, ಹೆಸರಿಡಬೇಡಿ. ಗೋಡೆಯ ಬಳಿಗೆ ಕರೆದು, ಮೊದಲು ನೀವು ನಿಂತು ತೋರಿಸಿರಿ.

ಅಭ್ಯಾಸ

1. ಅಂಗಸ್ಥಿತಿಯ ಅರಿವು ಎಂದರೇನು? ಕಣ್ಣು ಮುಚ್ಚಿ ಮಾಡುವ ಒಂದು ಪ್ರಯೋಗದಿಂದ ವಿವರಿಸಿರಿ.
2. ನಿಂತಿರುವಾಗ ಮೆದುಳಿಗೆ ವರದಿ ಕೊಡುವ ಮೂವರು ಸಾಕ್ಷಿಗಳು ಯಾರು?
3. "ನೆಟ್ಟಗೆ ಕುಳಿತುಕೋ" ಎಂದು ಹೇಳುವುದರಿಂದ ಮಾತ್ರ ಬೆನ್ನು ನೆಟ್ಟಗಾಗದಿರಲು ಕಾರಣವೇನು?
4. ಯಾವ ಲಕ್ಷಣಗಳು ಕಂಡರೆ ವ್ಯಾಯಾಮಕ್ಕಿಂತ ಮೊದಲು ವೈದ್ಯರನ್ನು ಕಾಣಬೇಕು?
5. ನಿಮ್ಮ ಶಾಲಾಚೀಲವನ್ನು ತೂಗಿ, ಅದು ನಿಮ್ಮ ತೂಕದ ನೂರಕ್ಕೆ ಎಷ್ಟೆಂದು ಲೆಕ್ಕ ಹಾಕಿರಿ.
6. ಮನೆಯವರೆಲ್ಲರ ಗೋಡೆಯ ಅಳತೆಯನ್ನು ತೆಗೆದು ಒಂದು ಕೋಷ್ಟಕದಲ್ಲಿ ಬರೆಯಿರಿ. ಮೂರು ತಿಂಗಳ ಅಭ್ಯಾಸದ ಬಳಿಕ ಮತ್ತೆ ಅಳೆದು ಹೋಲಿಸಿರಿ.